ಕಾವು ಕೂತ ಹ್ಯಾಟೆ

ಮೊಟ್ಟೆಯಿಂದ ಮರಿ ಮಾಡುವ ಯಂತ್ರ ಪೇಟೆಯಲ್ಲಿ ಸಿಗುತ್ತದೆ. ಆದರೂ ಹಳೇ ಮೈಸೂರು ಸೀಮೆಯ ಎಷ್ಟೋ ಹಿತ್ತಿಲುಗಳಲ್ಲಿ ಆ ಕೆಲಸಕ್ಕೆ ಇವತ್ತಿಗೂ ನಾಟಿ ಹ್ಯಾಟೆಯೇ, ಅಂದರೆ ಹೆಣ್ಣು ಕೋಳಿಯೇ ಬೇಕು. ಮಂಕರಿಗೆ ಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆ ಇಟ್ಟು ಮೂಲೆಗೆ ಸರಿಸಿದರೆ ನಮ್ಮ ಪಾಲಿನ ಕೆಲಸ ಮುಗಿಯಿತು. ಉಳಿದ 21 ದಿನ ಅವಳದು.

ಎದೆಯ ಪುಕ್ಕ ಉದುರಿ, ಬರಿಮೈ ಮೊಟ್ಟೆಗೆ ತಾಗುವಂತೆ ಕೂರುತ್ತಾಳೆ. ದಿನಕ್ಕೆ ಹಲವು ಸಲ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತಾಳೆ. ಹೊರಳಿಸದಿದ್ದರೆ ಒಳಗಿನ ಭ್ರೂಣ ಪೊರೆಗೆ ಅಂಟಿಕೊಂಡು ಸಾಯಬಹುದು. ನಡುವೆ ಒಮ್ಮೆ ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು, ಬೂದಿಯಲ್ಲಿ ಮೈ ಉಜ್ಜಿಕೊಂಡು ಓಡಿ ಬರುತ್ತಾಳೆ. ಗೂಡಿಗೆ ಕೈ ಚಾಚಿದರೆ ಕುಕ್ಕದೆ ಬಿಡುವವಳಲ್ಲ. ಚಿಪ್ಪು ಒಡೆಯುವ ಮುಂಚೆಯೇ ಒಳಗಿಂದ ಚಿಂವ್‌ಗುಟ್ಟುವ ಮರಿಗೆ ಮೆಲ್ಲಗೆ ಉತ್ತರವನ್ನೂ ಕೊಡುತ್ತಾಳೆ. ಮೊದಲು ಹೊರಬಂದ ಮರಿ, ಹೊಟ್ಟೆಗೆ ಸೇರಿಕೊಂಡ ಹಳದಿಯ ಬಲದಲ್ಲಿ ಒಂದೆರಡು ದಿನ ಮೇವಿಲ್ಲದೆ ಇರಬಲ್ಲದು. ತಡವಾದವಕ್ಕೆ ತಾಯಿ ಕಾಯಲು ಆಗುವುದು ಇದರಿಂದಲೇ.

ಮೊಟ್ಟೆಯ ಫಾರಂ ಕೋಳಿಗೆ ಕಾವು ಬರುವುದೇ ಅಪರೂಪ. ಕಾವು ಕೂತಷ್ಟು ದಿನ ಮೊಟ್ಟೆ ನಿಲ್ಲುತ್ತದಲ್ಲ, ತಳಿ ತಜ್ಞರು ಆ ಗುಣವನ್ನೇ ಆರಿಸಿ ತೆಗೆದರು. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಿಲಿಗೆಂದೇ ರೂಪಿಸಿದ ಗಿರಿರಾಜ ತಳಿ ಕೂಡ ಕಾವಿಗೆ ಕೂರುವ ಪೈಕಿಯಲ್ಲ. ದಪ್ಪ ಮೈ, ಬಣ್ಣದ ಪುಕ್ಕ, ಅಡುಗೆಮನೆಯ ಉಳಿಕೆ ತಿಂದು ಬೆಳೆಯುವ ಗುಣ ಎಲ್ಲ ಇದೆ. ಮರಿ ಬೇಕೆಂದರೆ ಮಾತ್ರ ಅದರ ಮೊಟ್ಟೆಯನ್ನು ನಾಟಿ ಹ್ಯಾಟೆಯ ಅಡಿಗೇ ಇಡಬೇಕು. ಅವಳಿಗೆ ಭೇದವಿಲ್ಲ. ಬಾತುಕೋಳಿ ಮೊಟ್ಟೆ ಇಟ್ಟರೂ ಕೂರುತ್ತಾಳೆ. ಅದಕ್ಕೆ 28 ದಿನ, ಒಂದು ವಾರ ಬಿಟ್ಟಿ ದುಡಿಮೆ. ಆ ಮರಿಗಳು ನೀರಿಗಿಳಿದಾಗ ದಡದಲ್ಲಿ ಅವಳು ಮಾಡುವ ರಂಪ ಬೇರೆ!