ನಾನ್ಯಾರು ಹೇಳಪ್ಪ?

2016ರಲ್ಲಿ ಬಂದ ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಒಳ್ಳೆ ಸಿನಿಮಾ, ಎರಡು ಮಾತಿಲ್ಲ. ಅಲ್ಝೈಮರ್ಸ್ ಇರುವ ವೆಂಕೋಬ ರಾವ್ ಆಗಿ ಅನಂತ್ ನಾಗ್ ಎಲ್ಲೂ ನಮ್ಮ ಕಣ್ಣೀರು ಬೇಡುವುದಿಲ್ಲ. ಮುಂಬೈಯಲ್ಲಿ ಕೆಲಸ ಮಾಡೋ ಮಗ ಶಿವನಿಗೆ ಅಪ್ಪ ಅರ್ಥವಾಗೋದು ಅಪ್ಪ ಕಾಣೆಯಾದ ಮೇಲೆ. ನನ್ನ ತಕರಾರು ಇರೋದೇ ಇಲ್ಲಿ. ಸಿನಿಮಾ ಅಪ್ಪನ ಮರೆವನ್ನು ಮಗನಿಗೆ ಪಾಠವಾಗಿಸುತ್ತದೆ. ಮರೆವಿನ ಜೊತೆ ದಿನ ದೂಡುವುದು ಹೇಗೆ ಅನ್ನೋದು ಹಿಂದೆ ಸರಿಯುತ್ತದೆ.

ನಮ್ಮ ತೆರೆಗೆ ಗೊತ್ತಿರೋ ಮರೆವು ಎರಡೇ ಥರ. ತಲೆಗೆ ಏಟು ಬಿದ್ದು ಹೋಗಿ, ಇನ್ನೊಂದು ಏಟಿಗೆ ವಾಪಸ್ ಬರೋದು. ಇಲ್ಲಾ ದಿನೇ ದಿನೇ ಕರಗೋದು. ಲಕ್ವ ಹೊಡೆದ ಮೇಲಿನ ಮರೆವು ಮೂರನೆಯದು. ಒಂದೇ ದಿನದಲ್ಲಿ ಬರುತ್ತೆ, ಒಂದಿಷ್ಟು ಸುಧಾರಿಸಲೂಬಹುದು. ಕೆರೆಬಿಳಚಿಯಂಥ ಊರಲ್ಲಿ ಇಂಥವರಿಗೆ ಸೂಳೆಕೆರೆ ಏರಿಯ ದಾರಿ ನೆನಪಿರಬಹುದು, ಬೆಳಗ್ಗೆ ಮಾತ್ರೆ ನುಂಗಿದ್ದು ನೆನಪಿರಲ್ಲ. ಕೈಕಾಲಿಗೆ ಎಣ್ಣೆ ತಿಕ್ಕುತ್ತೇವೆ, ಫಿಸಿಯೋ ಹುಡುಕುತ್ತೇವೆ. ನೆನಪಿಗೆ?

ನೆನಪಿಗೆ ಪರೀಕ್ಷೆ ಇಡ್ತೀವಿ. ಭಾನುವಾರದ ವಿಡಿಯೋ ಕಾಲ್: 'ನಾನ್ಯಾರು ಹೇಳಪ್ಪ?' ಬ್ಯಾಡ್ಲಿ ಮತ್ತು ವಿಲ್ಸನ್ 1994ರಲ್ಲೇ ತೋರಿಸಿದ್ದರು: ತೀವ್ರ ಮರೆವು ಇರುವವರನ್ನು ಊಹಿಸೋಕೆ ಬಿಟ್ಟರೆ ತಪ್ಪು ಉತ್ತರವೇ ತಲೆಯಲ್ಲಿ ಕೂರುತ್ತೆ, ಸರಿಯಾದದ್ದನ್ನು ಮೊದಲೇ ಹೇಳಿಕೊಟ್ಟರೆ ಚೆನ್ನಾಗಿ ಕಲಿಯುತ್ತಾರೆ. ಅಂದರೆ 'ಅಪ್ಪಾ, ನಾನು ನಿನ್ನ ಕಿರಿಮಗ' ಅಂತ ಶುರು ಮಾಡೋದೇ ಮೇಲು.

ಹಾಗಂತ ಪವಾಡ ನಿರೀಕ್ಷಿಸಬೇಡಿ. ಪಾರ್ಶ್ವವಾಯುವಿನ ನಂತರದ ನೆನಪಿನ ತರಬೇತಿಯ ಬಗ್ಗೆ 2016ರ ಕಾಕ್ರೇನ್ ವಿಮರ್ಶೆ 13 ಪ್ರಯೋಗ, 514 ಜನರನ್ನು ಪರಿಶೀಲಿಸಿತು. ತರಬೇತಿ ಮುಗಿದ ಹೊಸದರಲ್ಲಿ ಮರೆವು ಕಮ್ಮಿ ಅನ್ನಿಸಿದೆ ಎಂದು ರೋಗಿಗಳು ಹೇಳಿದ್ದರು. ಆ ಲಾಭ ಮುಂದೆ ಉಳಿದದ್ದಕ್ಕೆ ಪುರಾವೆ ಸಿಗಲಿಲ್ಲ. ಹಾಗಾಗಿ ಹೊರಗಿನ ಆಸರೆ ಬೇಕೇ ಬೇಕು: ವಾರದ ಖಾನೆಗಳ ಮಾತ್ರೆ ಡಬ್ಬಿ, ಗೋಡೆ ಕ್ಯಾಲೆಂಡರ್, ಅಲಾರಂ, ಓದು ಬಾರದವರಿಗೆ ಫೋಟೋ.

ಆಫೀಸಲ್ಲಿ ನಾವು ಏನನ್ನು ನೆನಪಿಟ್ಟುಕೊಳ್ತೀವಿ? ಟಿಕೆಟ್ ತೆರೀತೀವಿ, ರಿಮೈಂಡರ್ ಹಾಕ್ತೀವಿ. ಅದಕ್ಕೆ ದಕ್ಷತೆ ಅಂತ ಹೆಸರು. ಅಪ್ಪ ಜೇಬಿಂದ ಚೀಟಿ ತೆಗೆದು ನೋಡಿದರೆ ಮಾತ್ರ 'ಪಾಪ' ಅಂತೀವಿ.

ಸಿನಿಮಾದಲ್ಲಿ ಇದು ಗೊತ್ತಿರೋದು ಡಾಕ್ಟರ್ ಸಹನಾಗೆ. ಮಗನಿಗೆ ತಿಳಿಯದ ಅಪ್ಪನ ಕಥೆಗಳು ಅವಳಿಗೆ ಗೊತ್ತು, ಯಾಕಂದ್ರೆ ಅವಳು ಕೂತು ಕೇಳಿದ್ದಾಳೆ. ಅವಳ ಪಾತ್ರವನ್ನೇ ನಡುವೆ ಇಟ್ಟು, ಅಪ್ಪನನ್ನು ಎಲ್ಲೂ ಕಳೆಯದೆ ಮನೆಯಲ್ಲೇ ಉಳಿಸಿಕೊಂಡು ಒಂದು ಸಿನಿಮಾ ಬರಲಿ. ಥ್ರಿಲ್ಲರ್ ಆಗಲ್ಲ ಬಿಡಿ, ಆದರೆ ಅದು ನಮ್ಮ ಮನೆಗಳ ಸಿನಿಮಾ.