ಆಷಾಢ ತಡೆಯದ ಅಡುಗೆಮನೆ

ಮಲೆನಾಡಿನಲ್ಲಿ ಈಗ ಏಳುತ್ತಿರುವ ಹೊಸ ಮನೆಗಳ ಅಡುಗೆಮನೆ ಹೇಗಿರಬೇಕು ಎಂಬ ಬಗ್ಗೆ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ತೋಟದ ಕಡೆಗೆ ಗೋಡೆಯಗಲದ ಗಾಜಿನ ಕಿಟಕಿ, ತೇಗದ ಗೆರೆ ಕಾಣುವ ಲ್ಯಾಮಿನೇಟ್ ಹೊದಿಸಿದ ಕಪಾಟು, ಕಲ್ಲಿನಂತೆ ತೋರುವ ಟೈಲ್ಸು, ಊಟದ ಹಾಲ್‌ಗೆ ತೆರೆದುಕೊಂಡ ಕಟ್ಟೆ. ಇಷ್ಟಿದ್ದರೆ ಅದು ಆಧುನಿಕವೂ ಹೌದು, ಸುತ್ತಲಿನ ಪ್ರಕೃತಿಗೆ ಒಪ್ಪುವಂಥದ್ದೂ ಹೌದು. ಇಂಟೀರಿಯರ್ ಮಾಡುವವರು ಹೀಗೇ ಹೇಳುತ್ತಾರೆ, ಗೃಹಪ್ರವೇಶಕ್ಕೆ ಬಂದ ನೆಂಟರೂ ಹೀಗೇ ಮೆಚ್ಚುತ್ತಾರೆ. ನನಗೆ ಇದು ಬುಡದಲ್ಲೇ ತಪ್ಪು ಅನ್ನಿಸುತ್ತದೆ. ಕಣ್ಣಿಗೆ ಒಪ್ಪುವುದು ಬೇರೆ, ಊರಿನ ಹವೆಗೆ ಒಪ್ಪುವುದು ಬೇರೆ. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಇಂಥ ಸೀಮೆಯಲ್ಲಿ ಅಡುಗೆಮನೆ ಮೊದಲು ಎದುರಿಸಬೇಕಾದ ಪ್ರಕೃತಿ ಎಂದರೆ ಥಂಡಿ.

ಆ ಥಂಡಿಯ ಕೆಲಸ ನೋಡಬೇಕೆಂದರೆ ಆಷಾಢದ ಕೊನೆಯಲ್ಲಿ ಸಿಂಕಿನ ಕೆಳಗಿನ ಕಪಾಟು ತೆರೆಯಬೇಕು. ಬಾಗಿಲು ಸುಲಭಕ್ಕೆ ಬರುವುದಿಲ್ಲ. ಕೆಳಗಿನ ಅಂಚು ಉಬ್ಬಿ ಪಕ್ಕದ ಬಾಗಿಲಿಗೆ ಕಚ್ಚಿಕೊಂಡಿರುತ್ತದೆ. ಜಗ್ಗಿದರೆ ಅಂಚಿಗೆ ಅಂಟಿಸಿದ ಪಟ್ಟಿ ಸುಲಿದು ಕೈಗೆ ಬರುತ್ತದೆ, ಅದರ ಹಿಂದಿನ ಹಲಗೆ ಚಹಾದಲ್ಲಿ ಅದ್ದಿದ ರಸ್ಕಿನಂತೆ ಬೆರಳಿಗೇ ಉದುರುತ್ತದೆ. ಹಿಂಬದಿಯಲ್ಲಿ ಬೆಳ್ಳಗೆ, ಹಸಿರಾಗಿ ಹರಡಿದ ಬೂಷ್ಟು. ಕೀಲಿನ ಸ್ಕ್ರೂ ಸುತ್ತ ತುಕ್ಕಿನ ಕಲೆ. ಒಳಗಿಟ್ಟ ಹಿತ್ತಾಳೆ ಪಾತ್ರೆಗೂ ಅದೇ ಮುಗ್ಗಲು ವಾಸನೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಎಂದರೆ ಮರದ ನಾರನ್ನೋ ಚೂರನ್ನೋ ಅಂಟು ಹಾಕಿ ಒತ್ತಿದ ಹಲಗೆ. ಸಾಮಾನ್ಯವಾಗಿ ಅದಕ್ಕೆ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ನಿರಂತರ ತೇವದಲ್ಲಿ ಬಿಟ್ಟುಕೊಳ್ಳುತ್ತದೆ. ಫಿನಾಲ್ ಅಂಟಿನ, ಐಎಸ್ 710 ಗುರುತಿನ ಪ್ಲೈವುಡ್ ಇದಕ್ಕಿಂತ ಎಷ್ಟೋ ವಾಸಿ. ಆದರೆ ಅದನ್ನೂ ಮಳೆ ಬಡಿಯುವ ಪಡುಗೋಡೆಗೆ ಒತ್ತಿ ನಿಲ್ಲಿಸಿ, ನಾಲ್ಕೂ ಕಡೆ ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಬೂಷ್ಟು ತಪ್ಪುವುದಿಲ್ಲ. ಜಂಬಿಟ್ಟಿಗೆಯ ಗೋಡೆ ನೀರು ಹೀರುತ್ತದೆ. ಹೀರಿದ ನೀರು ಆರಲು ಅದಕ್ಕೆ ಗಾಳಿ ಬೇಕು. ಆ ಗೋಡೆಯನ್ನು ಪೆಟ್ಟಿಗೆಗಳಿಂದ ಮುಚ್ಚುವುದೇ ಈ ವಿನ್ಯಾಸದ ಮೊದಲ ದೋಷ.

ಮಾಡ್ಯುಲರ್ ಅಡುಗೆಮನೆಯನ್ನು ಹುಟ್ಟುಹಾಕಿದವರ ತಪ್ಪು ಇದಲ್ಲ. ಅದರ ಮೂಲ 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ. ಹೆಚ್ಚುಕಡಿಮೆ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಕೋಣೆ. ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಲ್ಲಿ ಸುಮಾರು ಹತ್ತು ಸಾವಿರ ಮನೆಗಳಿಗೆ ಇದನ್ನು ಅಳವಡಿಸಿದರು. ಚಳಿಯ ಊರು, ಇಕ್ಕಟ್ಟಾದ ಮನೆ, ದುಡಿದು ಬಂದು ಅಡುಗೆ ಮಾಡಬೇಕಾದ ಹೆಂಗಸು: ಇವನ್ನೆಲ್ಲ ಮುಂದಿಟ್ಟುಕೊಂಡು, ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ ಎಂಬುದನ್ನೂ ಲೆಕ್ಕ ಹಾಕಿ ಆಕೆ ನಕ್ಷೆ ಮಾಡಿದರು. ಹಿಟ್ಟಿನ ಡಬ್ಬಕ್ಕೆ ಓಕ್ ಮರ ಆರಿಸಿದ್ದು ಹುಳ ಬೀಳಬಾರದೆಂದು, ಹೆಚ್ಚುವ ಮಣೆಗೆ ಬೀಚ್ ಮರ ಹಾಕಿದ್ದು ಕತ್ತಿಯ ಗೀರು ತಡೆಯಲೆಂದು. ಅಂದರೆ ಪ್ರತಿಯೊಂದು ಸಾಮಗ್ರಿಗೂ ಅಲ್ಲಿನ ಹುಳದ, ಅಲ್ಲಿನ ಕೆಲಸದ ಕಾರಣವಿತ್ತು. ನಾವು ಆಕೆಯ ಪೆಟ್ಟಿಗೆಗಳನ್ನು ತಂದುಕೊಂಡೆವು, ಆಕೆ ಕೇಳಿಕೊಂಡ ಪ್ರಶ್ನೆಗಳನ್ನು ಅಲ್ಲೇ ಬಿಟ್ಟೆವು. ನಮ್ಮಲ್ಲಿ ಹುಳ ಯಾವುದು, ಗೆದ್ದಲು ಎಲ್ಲಿಂದ ಹತ್ತುತ್ತದೆ, ಹಲಸಿನಕಾಯಿ ಕೊಯ್ದ ದಿನ ಅದರ ಮೇಣ ಎಲ್ಲೆಲ್ಲಿ ಅಂಟುತ್ತದೆ, ಹತ್ತು ಜನಕ್ಕೆ ಕಡುಬು ಬೇಯಿಸಿದಾಗ ಏಳುವ ಹಬೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಈಗ ಇಲ್ಲ.

ಆ ದೊಡ್ಡ ಕಿಟಕಿಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಮಳೆ ಬರುವುದು ನೈಋತ್ಯದಿಂದ, ಅದೂ ಓರೆಯಾಗಿ. ಹಿಂದಿನವರು ಮಳೆಗಾಲಕ್ಕೆ ಮುಂಚೆ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದೇ ಇರಚಲಿಗೆ ಹೆದರಿ. ಈಗ ಅದೇ ದಿಕ್ಕಿಗೆ, ಸೂರು ಚಾಚದ ಗೋಡೆಯಲ್ಲಿ ಗಾಜು ಕೂರಿಸುತ್ತೇವೆ. ನಾಲ್ಕು ತಿಂಗಳು ಆ ಕಿಟಕಿ ತೆರೆಯುವ ಹಾಗಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ನೇರ ಒಲೆಯ ಮುಂದೆ ನಿಂತವರ ಮುಖಕ್ಕೆ. ನೋಟ ಉಳಿಯಿತು, ಗಾಳಿ ಹೋಯಿತು. ಒಲೆ ಆಗ್ನೇಯಕ್ಕೇ ಬರಬೇಕೆಂದು ಹಟ ಹಿಡಿಯುವವರೂ ಮಳೆ ಯಾವ ಕಡೆಯಿಂದ ಹೊಡೆಯುತ್ತದೆಂದು ನಕ್ಷೆಯವರಿಗೆ ಹೇಳುವುದನ್ನು ಮರೆಯುತ್ತಾರೆ.

ಮಾಡಿನ ವಿಚಾರವಂತೂ ಇನ್ನೂ ಮುಖ್ಯ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯಿಂದ ಕರಾವಳಿ, ಮಲೆನಾಡುಗಳ ಮಾಡಿನ ರೂಪವೇ ಬದಲಾಯಿತು. ಆ ಹಂಚಿನ ಮಾಡು ಮಳೆ ತಡೆಯುತ್ತಿತ್ತು, ಜತೆಗೆ ಸಂದುಗಳಿಂದ ಬಿಸಿಗಾಳಿಯನ್ನೂ ಹಬೆಯನ್ನೂ ಹೊರಕ್ಕೆ ಬಿಡುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಕಾಯಿ, ಅಡಿಕೆ ಒಣಗುತ್ತಿದ್ದದ್ದು ಈ ಓಡಾಟದಿಂದಲೇ. ಕಾಂಕ್ರೀಟ್ ಸ್ಲ್ಯಾಬ್ ಹಾಕಿದ ದಿನ ಆ ದಾರಿ ಮುಚ್ಚಿತು. ಮುಚ್ಚಿದ್ದಕ್ಕೆ ಬದಲಾಗಿ ನಾವು ತಂದದ್ದು ಚಿಮಣಿ. ಪೈಪನ್ನು ಹೊರಗೋಡೆಯಾಚೆ ಬಿಟ್ಟ ಚಿಮಣಿ ಕೆಲಸ ಮಾಡುತ್ತದೆ, ಅದರಲ್ಲಿ ತಕರಾರಿಲ್ಲ. ಪೈಪಿಲ್ಲದೆ, ಫಿಲ್ಟರಿನಲ್ಲಿ ಸೋಸಿ ಅದೇ ಗಾಳಿಯನ್ನು ಕೋಣೆಗೆ ಮರಳಿಸುವ ಬಗೆಯದು ಜಿಡ್ಡನ್ನಷ್ಟೇ ಹಿಡಿಯುತ್ತದೆ, ಹಬೆಯನ್ನು ಹಿಡಿಯುವುದಿಲ್ಲ. ಹಾಲ್‌ಗೆ ತೆರೆದುಕೊಂಡ ಅಡುಗೆಮನೆಯಲ್ಲಿ ಆ ಹಬೆ, ಒಗ್ಗರಣೆಯ ಘಾಟಿನ ಸಮೇತ, ಸೋಫಾದ ಬಟ್ಟೆಗೂ ಪುಸ್ತಕದ ಕಪಾಟಿಗೂ ಇಳಿಯುತ್ತದೆ.

ಇಷ್ಟು ಹೇಳಿದರೆ, ಹಾಗಾದರೆ ಹಳೆಯ ಅಡುಗೆಮನೆಯೇ ಸರಿಯಿತ್ತು ಎಂದು ತಲೆದೂಗುವವರಿದ್ದಾರೆ. ಅವರ ಮಾತನ್ನೂ ನಾನು ಒಪ್ಪುವುದಿಲ್ಲ. ಅಡಿಕೆ ಒಣಗಿಸಿದ ಹೊಗೆಯೇ ನಮ್ಮ ಅಜ್ಜಿಯರ ಕಣ್ಣನ್ನೂ ಎದೆಯನ್ನೂ ಹಾಳು ಮಾಡಿತು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೆಲದೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಂದ ಬೆಳಕಲ್ಲಿ ಮೂರು ಹೊತ್ತು ಬೇಯಿಸಿದವರನ್ನು ಯಾರೂ ಒಂದು ಮಾತು ಕೇಳಿ ಆ ಕೋಣೆ ಕಟ್ಟಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಎಂಬ ತಂಡ ಈ ಪ್ರಶ್ನೆಯನ್ನು ಸರಿಯಾದ ಕಡೆಯಿಂದ ಹಿಡಿಯಿತು. ಅದು ರೂಪಿಸಿದ ಒಲೆಯಲ್ಲಿ ಸೌದೆ ಅದೇ, ಪಾತ್ರೆ ಅದೇ, ಅಡುಗೆ ಅದೇ. ಬದಲಾದದ್ದು ಬೆಂಕಿ ಉರಿಯುವ ಬಗೆ ಮತ್ತು ಹೊಗೆ ಹೋಗುವ ಕೊಳವೆ. ಶಿರಸಿ ಸೀಮೆಯ ಕೊಟ್ಟಿಗೆಗಳ ಪಕ್ಕದಲ್ಲಿ ನೆಲೆ ನಿಂತ ಗೋಬರ್ ಗ್ಯಾಸ್ ಕೂಡ ಇದೇ ಜಾತಿಯದು. ಇವು ಆಧುನಿಕ, ಇವು ಈ ನೆಲಕ್ಕೆ ಒಪ್ಪಿದವು. ಅವಕ್ಕೆ ತೇಗದ ಬಣ್ಣ ಬೇಕಾಗಲಿಲ್ಲ.

ಹಾಗಾದರೆ ಇವತ್ತು ಹೇಗೆ ಕಟ್ಟುವುದು? ಕಟ್ಟೆಯ ಕೆಳಗೆ ಮುಚ್ಚಿದ ಪೆಟ್ಟಿಗೆಗೆ ಬದಲು ಕಡಪ ಕಲ್ಲಿನ ಹಲಗೆ, ಸಿಂಕಿನ ಕೆಳಗೆ ಬಾಗಿಲೇ ಇಲ್ಲ. ಬಾಗಿಲು ಬೇಕೇ ಬೇಕೆಂದರೆ ಜಾಲರಿಯದು, ಅಥವಾ ಸಂದು ಬಿಟ್ಟ ಪಟ್ಟಿಗಳದು. ಸಾಮಾನಿನ ಕಪಾಟನ್ನು ಒಳಗೋಡೆಗೆ ತಂದು, ಪಡುಗೋಡೆಯನ್ನು ಬೋಳಾಗಿ ಬಿಡಬೇಕು. ಮಳೆ ಬಾರದ ಪೂರ್ವದ ಕಡೆ, ಸೂರಿನ ಕೆಳಗೆ ಎತ್ತರದಲ್ಲಿ, ವರ್ಷವಿಡೀ ತೆರೆದೇ ಇರುವ ಜಾಲಂಧ್ರ. ಮಳೆ ಹೊಡೆಯದ ಇನ್ನೊಂದು ಗೋಡೆಯಲ್ಲಿ, ತಗ್ಗಿನಲ್ಲೊಂದು ಕಿಟಕಿ. ಬಿಸಿಗಾಳಿ ಮೇಲೇರಿ ತಾನಾಗಿ ಹೊರಬೀಳುತ್ತದೆ, ಕರೆಂಟ್ ಹೋದ ದಿನವೂ. ಇಳಿಜಾರು ಮಾಡು ಇದ್ದಲ್ಲಿ ನಾಲ್ಕು ಗಾಜಿನ ಹಂಚು ಹಾಕಿದರೆ ಬೆಳಕಿಗೆ ಸಾಕು. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ, ಅಕ್ಕಚ್ಚು ಕೊಟ್ಟಿಗೆಗೆ ಹೋಗುವ ದಾರಿಯನ್ನು ನಕ್ಷೆಯಲ್ಲೇ ತೋರಿಸಬೇಕು. ಒಟ್ಟು ಖರ್ಚೂ ಇದರಲ್ಲಿ ಕಡಿಮೆಯೇ.

ನನಗೆ ಹೆಚ್ಚು ನೋವು ಕೊಡುವ ಸಂಗತಿ ಇನ್ನೊಂದಿದೆ. ಲಕ್ಷಗಟ್ಟಲೆ ಸುರಿದು ಮಾಡಿಸಿದ ಈ ಅಡುಗೆಮನೆಗಳಲ್ಲಿ ಎಷ್ಟೋ ಕಡೆ ನಿಜವಾದ ಅಡುಗೆ ನಡೆಯುವುದೇ ಇಲ್ಲ. ಮೀನು ಹೆಚ್ಚುವುದು, ಹಪ್ಪಳ ಕರಿಯುವುದು, ಹಲಸು ಬಿಡಿಸುವುದು, ದೊಡ್ಡ ಪಾತ್ರೆ ತಿಕ್ಕುವುದು ಎಲ್ಲ ಹಿತ್ತಲ ಕಡೆ ತಗಡು ಹೊದಿಸಿದ ಚಾಚಿನಲ್ಲಿ, ಒಂದು ಬಲ್ಬಿನ ಬೆಳಕಲ್ಲಿ, ಇರಚಲು ಹೊಡೆಸಿಕೊಂಡು. ಹಣವೆಲ್ಲ ನೋಡುವವರ ಕೋಣೆಗೆ, ದುಡಿಯುವವರಿಗೆ ತಗಡು. ಹಿತ್ತಲಿನ ಆ ಜಾಗವೇ ಮನೆಯ ಅಸಲಿ ಅಡುಗೆಮನೆ. ಅಗಲವಾದ ಸೂರು, ಗಟ್ಟಿ ಕಲ್ಲಿನ ಕಟ್ಟೆ, ಸೊಂಟದೆತ್ತರದ ನಲ್ಲಿ, ಜಾರದ ನೆಲ ಮೊದಲು ಅಲ್ಲಿಗೆ ಬರಬೇಕು.

ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಕಪಾಟಿನ ಬಣ್ಣದ ಪುಸ್ತಕ ತೆರೆಯುವ ಮೊದಲು, ಆ ಮನೆಯಲ್ಲಿ ಅಡುಗೆ ಮಾಡುವವರನ್ನು ನಕ್ಷೆಯವರ ಎದುರು ಕೂರಿಸಿ. ಮಳೆ ಎಲ್ಲಿಂದ ಹೊಡೆಯುತ್ತದೆ, ಹಬೆ ಎಲ್ಲಿ ನಿಲ್ಲುತ್ತದೆ, ಸೊಂಟ ಎಲ್ಲಿ ನೋಯುತ್ತದೆ ಎಂದು ಅವರೇ ಹೇಳಲಿ. ಅವರು ಒಪ್ಪಿದ ಮೇಲೆ ಮುಂಗಡ ಕೊಡಿ.