ಹೆಸರು ನೋಡಬೇಡಿ, ಜೋಡಿ ನೋಡಿ

ಕುಸ್ತಿಯನ್ನೇ ನೋಡದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮೊದಲ ಸಲ ಕರೆದುಕೊಂಡು ಹೋಗಿ ತೋರಿಸಬೇಕಾದರೆ ಯಾವ ಕುಸ್ತಿ ತೋರಿಸಬೇಕು? ಶೀಳನೆರೆ, ಬೂಕನಕೆರೆ, ಚಿನಕುರಳಿ ಸೀಮೆಯಲ್ಲಿ ಯಾರನ್ನು ಕೇಳಿದರೂ ಥಟ್ಟನೆ ಬರುವ ಉತ್ತರ ಮೈಸೂರು ದಸರಾ ಕುಸ್ತಿ. ಅದರಲ್ಲೂ ಕೊನೆಯ ದಿನ, ‘ದಸರಾ ಕಂಠೀರವ’ ಯಾರೆಂದು ತೀರ್ಮಾನವಾಗುವ ದಿನ. ಊರು ಸರಿ, ಅಖಾಡವೂ ಸರಿ. ದಿನ ಮಾತ್ರ ಸರಿಯಲ್ಲ ಎಂಬುದು ನನ್ನ ವಾದ. ಮೊದಲ ಕುಸ್ತಿ ಹಿಡಿಸದಿದ್ದರೆ ಎರಡನೆಯದಕ್ಕೆ ಯಾರೂ ಬರುವುದಿಲ್ಲ. ಆದ್ದರಿಂದ ಆಯ್ಕೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಇವತ್ತಿನ ಮಕ್ಕಳಿಗೆ ಕುಸ್ತಿ ಎಂದರೆ ಡಬ್ಲ್ಯೂಡಬ್ಲ್ಯೂಇ. ಅದನ್ನು ಹೀಗಳೆದು ಪ್ರಯೋಜನವಿಲ್ಲ. ಫಲಿತಾಂಶ ಮೊದಲೇ ನಿಗದಿಯಾಗಿರುವ ರಂಜನೆ ಅದು. 1989ರಲ್ಲಿ ಆ ಕಂಪನಿಯೇ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ಹಾಗೆಂದು ಒಪ್ಪಿಕೊಂಡಿತ್ತು. ಆದರೆ ಹೊಸಬರನ್ನು ಒಳಗೆ ಕರೆದುಕೊಳ್ಳುವ ಕಲೆ ಅವರಿಗೆ ಚೆನ್ನಾಗಿ ಗೊತ್ತು. ದೀಪ ಆರಿ ಗಂಟೆ ಬಾರಿಸಿದರೆ ಬರುವವನು ಅಂಡರ್‌ಟೇಕರ್ ಎಂದು ಎಂಟು ವರ್ಷದ ಮಗುವಿಗೂ ತಿಳಿಯುತ್ತಿತ್ತು. ಯಾರಿಗೆ ಯಾರ ಮೇಲೆ ಹಗೆ, ಯಾಕೆ ಹಗೆ ಎಂಬುದನ್ನು ಆಟಕ್ಕೆ ಮುಂಚೆಯೇ ಹೇಳಿಬಿಟ್ಟಿರುತ್ತಾರೆ. ಆ ಲೋಕಕ್ಕೆ ಹೊಸಬರನ್ನು ಕರೆದೊಯ್ಯುವವರು ‘ರಾಯಲ್ ರಂಬಲ್’ ತೋರಿಸಿದರೆ ಸಾಕು. ಮೂವತ್ತು ಜನ ಒಬ್ಬೊಬ್ಬರಾಗಿ ಕಣಕ್ಕೆ ಬರುತ್ತಾರೆ, ಮೇಲಿನ ಹಗ್ಗ ದಾಟಿ ಹೊರಗೆ ಬಿದ್ದು ಎರಡೂ ಕಾಲು ನೆಲಕ್ಕೆ ತಾಗಿದವನು ಔಟು, ಕೊನೆಗೆ ಉಳಿದವನು ಗೆದ್ದ. ಇದರಲ್ಲಿ ವಿವರಿಸುವುದಕ್ಕೆ ಏನೂ ಇಲ್ಲ.

ನಾಡಕುಸ್ತಿಯಲ್ಲಿ ಇಂಥ ಯಾವ ಅನುಕೂಲವೂ ಇಲ್ಲ. ಕೆಂಪು ಮಣ್ಣಿನ ಮಟ್ಟಿ, ಲಂಗೋಟಿ ಕಟ್ಟಿದ ಇಬ್ಬರು, ನಡುವೆ ಒಬ್ಬ ತೀರ್ಪುಗಾರ. ಮೈಮೇಲೆ ನಂಬರಿಲ್ಲ, ಹೆಸರಿಲ್ಲ. ಎರಡು ನಿಮಿಷಕ್ಕೆ ಇಬ್ಬರ ಮೈಗೂ ಮಣ್ಣು ಮೆತ್ತಿಕೊಂಡು ಯಾರು ಯಾರೆಂದು ಗುರುತು ಹಿಡಿಯುವುದೂ ಕಷ್ಟವಾಗುತ್ತದೆ. ಇಲ್ಲಿ ನಡೆಯುವ ಕಥೆಯನ್ನು ನೋಡುವವನೇ ಕಂಡುಹಿಡಿದುಕೊಳ್ಳಬೇಕು. ಹಾಗಾಗಿ ಕರೆದುಕೊಂಡು ಹೋಗುವವರ ಜವಾಬ್ದಾರಿ ಹೆಚ್ಚು.

ಈ ಜವಾಬ್ದಾರಿ ನಮ್ಮ ಕಡೆಯವರಿಗೆ ಇನ್ನೂ ಒಂದು ಕೈ ಹೆಚ್ಚಿದೆ ಎಂದು ನನಗೆ ಅನ್ನಿಸುತ್ತದೆ. ದಸರಾ ಕುಸ್ತಿ ಮೈಸೂರಿನದೆಂದು ನಾವೆಲ್ಲ ಹೇಳುತ್ತೇವೆ, ಆದರೆ ಅದು ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಮಲ್ಲರನ್ನು ಕಣ್ಣಾರೆ ಕಂಡು, ಹಲ್ಲು ಮುರಿಯುವಂಥ ಅವರ ಹೊಡೆತಗಳ ಬಗ್ಗೆ ಬರೆದಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಮಲ್ಲರು ಇವತ್ತಿಗೂ ಸೆಣಸುತ್ತಿದ್ದಾರೆ. ಆ ಹಬ್ಬವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1638ರಿಂದ 1659ರವರೆಗೆ ಅಲ್ಲಿಂದಲೇ ಆಳಿದ ಕಂಠೀರವ ನರಸರಾಜ ಒಡೆಯರು ಸ್ವತಃ ದೊಡ್ಡ ಜಟ್ಟಿ. ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಹೆಸರಾಂತ ಮಲ್ಲನನ್ನು ಕೆಡವಿ ಬಂದರೆಂಬ ಕಥೆಯನ್ನು ಜನ ಇವತ್ತಿಗೂ ಹೇಳುತ್ತಾರೆ. ದಸರಾ ಪ್ರಶಸ್ತಿಯಲ್ಲಿ ನಾವು ಕೂಗುವ ಹೆಸರು ಅವರದೇ. 1799ರಲ್ಲಿ ರಾಜಧಾನಿ ಮೈಸೂರಿಗೆ ಹೋಯಿತು, ಅದರ ಜೊತೆಗೆ ಹಬ್ಬದ ವೈಭವವೂ ಹೋಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಮಕ್ಕಳಿಗೆ ಕುಸ್ತಿ ಟಿ.ವಿ.ಯಿಂದ ಪರಿಚಯವಾಗುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನು ಆಯ್ಕೆಗೆ ಬರೋಣ. ಮೊದಲು ಕೈಬಿಡಬೇಕಾದದ್ದು ವಜ್ರಮುಷ್ಟಿ ಕಾಳಗ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಮುಷ್ಟಿಯಲ್ಲಿ ವಜ್ರನಖ ಹಿಡಿದು ಎದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿತೋ ಕಾಳಗ ಮುಗಿಯಿತು. ಜಂಬೂಸವಾರಿಗೆ ಮುಂಚಿನ ಈ ವಿಧಿಗೆ ತನ್ನದೇ ಗಾಂಭೀರ್ಯವಿದೆ, ಅದು ಉಳಿಯಬೇಕು. ಆದರೆ ಅದು ಪೂಜೆಯ ಒಂದು ಭಾಗ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವುದುಂಟು, ಒಳಗೆ ಹೋಗುವುದಕ್ಕೂ ಎಲ್ಲರಿಗೂ ಅವಕಾಶವಿಲ್ಲ. ಅದನ್ನೇ ಮೊದಲು ನೋಡಿದ ಮಗು ಕುಸ್ತಿಯೆಂದರೆ ರಕ್ತ ಎಂದುಕೊಂಡು ಮನೆಗೆ ಬರುತ್ತದೆ.

ಸಿನಿಮಾ? 1960ರ ‘ರಣಧೀರ ಕಂಠೀರವ’, 1975ರ ‘ಮಯೂರ’, ಈಚಿನ ‘ಪೈಲ್ವಾನ್’ ಆಸೆ ಹುಟ್ಟಿಸುತ್ತವೆ. ರಾಜ್‌ಕುಮಾರ್ ಅಖಾಡಕ್ಕೆ ಇಳಿಯುವುದನ್ನು ನೋಡಿದವರಿಗೆ ಮೈ ಜುಮ್ಮೆನ್ನದೆ ಇರದು. ಆದರೆ ಸಿನಿಮಾದ ಕುಸ್ತಿಯಲ್ಲಿ ಕಾಯುವುದೇ ಇಲ್ಲ, ಎತ್ತುವುದು ಎಸೆಯುವುದು ಅಷ್ಟೇ. ನಿಜವಾದ ಕುಸ್ತಿಯಲ್ಲಿ ಮುಕ್ಕಾಲು ಪಾಲು ಕಾಯುವುದು.

ಮ್ಯಾಟ್ ಕುಸ್ತಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ದಸರೆಯಲ್ಲಿ ಪಾಯಿಂಟ್ ಕುಸ್ತಿಯೂ ನಡೆಯುತ್ತದೆ. ಫ್ರೀಸ್ಟೈಲ್‌ನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ ಬಿಡುವು, ಹತ್ತು ಪಾಯಿಂಟ್ ಮುಂದೆ ಹೋದರೆ ಅಲ್ಲಿಗೇ ಮುಕ್ತಾಯ. ಲೆಕ್ಕ ಚೊಕ್ಕ. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಒಂದೇ ಒಂದು ಪಂದ್ಯ ತೋರಿಸುವುದಾದರೆ ನಾನು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದ ಪಂದ್ಯವನ್ನು ತೋರಿಸುತ್ತೇನೆ. 0–5 ಹಿಂದೆ ಬಿದ್ದಿದ್ದ ಹೆಣ್ಣುಮಗಳು ಎರಡನೇ ಸುತ್ತಿನಲ್ಲಿ ತಿರುಗಿಬಿದ್ದು, ಕೊನೆಯ ಗಳಿಗೆಯಲ್ಲಿ ಪಂದ್ಯವನ್ನೇ ಮಗುಚಿ 8–5ರಲ್ಲಿ ಗೆದ್ದಳು. ಅಂಥ ಪಂದ್ಯ ಅಪರೂಪ. ಮಾಮೂಲಿ ಮ್ಯಾಟ್ ಕುಸ್ತಿಯಲ್ಲಿ ಪಾಯಿಂಟ್ ಯಾಕೆ ಬಂತು ಎಂದು ದೂರದ ಮೆಟ್ಟಿಲಲ್ಲಿ ಕೂತ ಹೊಸಬನಿಗೆ ತಿಳಿಯುವುದಿಲ್ಲ. ತೀರ್ಪುಗಾರ ಬೆರಳೆತ್ತುತ್ತಾನೆ, ಬೋರ್ಡಿನಲ್ಲಿ ಅಂಕಿ ಬದಲಾಗುತ್ತದೆ, ಹುಡುಗ ಪಕ್ಕದವರ ಮುಖ ನೋಡುತ್ತಾನೆ. ಮಣ್ಣಿನಲ್ಲಿ ಆ ತೊಂದರೆಯಿಲ್ಲ. ಚಿತ್ ಆದವನು ಎದ್ದು ತಿರುಗಿದಾಗ ಎರಡೂ ಹೆಗಲಿಗೆ ಕೆಂಪು ಮಣ್ಣು ಅಂಟಿರುತ್ತದೆ. ಅಖಾಡದ ಯಾವ ಮೂಲೆಯಿಂದ ನೋಡಿದರೂ ಕಾಣುವ ತೀರ್ಪು ಅದು. ಹೊಸಬರಿಗೆ ಮಣ್ಣೇ ಸರಿ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಾಗಾದರೆ ಮೈಸೂರಿನ ದೊಡ್ಡಕೆರೆ ಮೈದಾನದ ಡಿ.ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುವ ನಾಡಕುಸ್ತಿ. ಆದರೆ ಯಾವ ದಿನ? ಇಲ್ಲಿ ‘ಜೋಡಿ ಕಟ್ಟುವುದು’ ಏನೆಂದು ತಿಳಿದಿರಬೇಕು. ದಸರೆಗೆ ಮುಂಚೆಯೇ ಗರಡಿಗಳ ಪೈಲ್ವಾನರು ತಮ್ಮ ಉಸ್ತಾದರ ಜೊತೆ ಬಂದು ನಿಲ್ಲುತ್ತಾರೆ. ತೂಕ, ವಯಸ್ಸು, ಎಷ್ಟು ಕುಸ್ತಿ ಆಡಿದ್ದಾನೆ ಎಂಬುದನ್ನೆಲ್ಲ ನೋಡಿ ಇವನಿಗೆ ಅವನು ಎಂದು ಗೊತ್ತು ಮಾಡುತ್ತಾರೆ. ಹೊರಗಿನವರ ಕಣ್ಣಿಗೆ ಇದು ಬರೀ ಪಟ್ಟಿ ತಯಾರಿ. ಒಳಗಿನವರಿಗೆ ಅರ್ಧ ಕುಸ್ತಿ ಅಲ್ಲೇ ಮುಗಿದಿರುತ್ತದೆ. ಜೋಡಿ ಸರಿಯಾಗಿ ಕೂತರೆ ಹದಿನಾರು ವರ್ಷದ ಇಬ್ಬರು ಹುಡುಗರು ಇಡೀ ಅಖಾಡವನ್ನು ಎದ್ದು ನಿಲ್ಲಿಸುತ್ತಾರೆ. ಜೋಡಿ ತಪ್ಪಿದರೆ ಎಂಥ ಹೆಸರುವಾಸಿ ಪೈಲ್ವಾನನ ಕುಸ್ತಿಯೂ ಸಪ್ಪೆ.

ಕೊನೆಯ ದಿನ ನನಗೆ ಯಾಕೆ ಬೇಡವೆಂದರೆ, ಪ್ರಶಸ್ತಿಯ ಹಂತಕ್ಕೆ ಬಂದ ದೊಡ್ಡ ಪೈಲ್ವಾನರು ಒಬ್ಬರ ಪಟ್ಟು ಒಬ್ಬರಿಗೆ ಚೆನ್ನಾಗಿ ಗೊತ್ತಿರುವವರು. ತಲೆಗೆ ತಲೆ ಕೊಟ್ಟು, ಕುತ್ತಿಗೆಯ ಮೇಲೆ ಕೈ ಹಾಕಿ, ತಪ್ಪು ಮಾಡದಂತೆ ಜಾಗ್ರತೆ ವಹಿಸುತ್ತಾರೆ. ಬಲ್ಲವರಿಗೆ ಅದರಲ್ಲಿ ಪ್ರತಿ ಉಸಿರೂ ಮುಖ್ಯ. ಹೊಸಬರಿಗೆ ಎರಡು ಗುಡ್ಡಗಳು ಒರಗಿಕೊಂಡು ನಿಂತ ಹಾಗೆ ಕಾಣುತ್ತದೆ. ಮೊದಲ ದಿನಗಳ ಕುಸ್ತಿಯಲ್ಲಿ ಚಿಕ್ಕ ಹುಡುಗರಿಂದ ಹಿಡಿದು ಪಳಗಿದವರ ತನಕ ಒಂದೇ ಸಂಜೆ ಹಲವು ಜೋಡಿ ಸಿಗುತ್ತವೆ. ಚಿಕ್ಕವರ ಕುಸ್ತಿ ಬೇಗ ಮುಗಿಯುತ್ತದೆ, ಅವರು ಹೆದರದೆ ಮೇಲೆ ಬೀಳುತ್ತಾರೆ, ಚಿತ್ ಆಗುವುದು ಕಣ್ಣೆದುರೇ ನಡೆಯುತ್ತದೆ. ಮೂರು ನಾಲ್ಕು ಜೋಡಿ ನೋಡುವಷ್ಟರಲ್ಲಿ ಮಗುವಿಗೆ ನಿಯಮ ತಾನಾಗಿಯೇ ತಿಳಿದಿರುತ್ತದೆ. ಆಮೇಲೆ ಬರುವ ಉದ್ದನೆಯ ಕುಸ್ತಿಯಲ್ಲಿ ಏನನ್ನು ಕಾಯಬೇಕೆಂಬುದು ಅದಕ್ಕೆ ಗೊತ್ತು.

ಆ ಕಾಯುವಿಕೆಯನ್ನು ಹತ್ತಿರದಿಂದ ನೋಡಬೇಕು. ಸಲಾಮಿ ಹೊಡೆದು, ಒಂದು ಹಿಡಿ ಮಣ್ಣು ಎದುರಾಳಿಯ ಮೈಮೇಲೆ ಹಾಕಿ, ಕೈ ಕುಲುಕಿ ಇಬ್ಬರೂ ಸುತ್ತು ಹಾಕುತ್ತಾರೆ. ಒಬ್ಬ ಥಟ್ಟನೆ ಒಳಗೆ ನುಗ್ಗಿ ಕಾಲಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಬೋರಲು ಬೀಳುತ್ತಾನೆ. ಬಿದ್ದವನು ಸೋತಿಲ್ಲ. ಬೆರಳುಗಳನ್ನು ಮಣ್ಣಿನೊಳಗೆ ಊರಿ, ಮೊಣಕೈ ಪಕ್ಕೆಗೆ ಒತ್ತಿ, ಕಾಲಗಲಿಸಿ ನೆಲವನ್ನು ಹಿಡಿದುಕೊಂಡಿರುತ್ತಾನೆ. ಮೇಲಿದ್ದವನು ಲಂಗೋಟಿಗೆ ಕೈ ಹಾಕಿ ಎತ್ತಲು ನೋಡುತ್ತಾನೆ, ಆಗುವುದಿಲ್ಲ. ಮೊಣಕಾಲನ್ನು ಸೊಂಟಕ್ಕೆ ಒತ್ತುತ್ತಾನೆ, ಕತ್ತಿನ ಕೆಳಗೆ ತೋಳು ತೂರಿಸುತ್ತಾನೆ. ಹೊಸಬರು ಆಕಳಿಸುವುದು ಈ ಹೊತ್ತಿಗೇ. ಪಕ್ಕದಲ್ಲಿ ನಮ್ಮ ಕಡೆಯ ಹಿರಿಯರೊಬ್ಬರಿದ್ದು, “ಅವನ್ ಕೈ ನೋಡ್ಬ್ಯಾಡ ಕಣ್ ಮಗ, ಸೊಂಟ ನೋಡು” ಅಂದರೆ ಸಾಕು, ಎಲ್ಲವೂ ಬದಲಾಗುತ್ತದೆ. ಕೆಳಗಿದ್ದವನ ಸೊಂಟ ಒಂದು ಅಂಗುಲ ಮೇಲೇಳುತ್ತದೆ. ಅಷ್ಟೇ ಸಾಕಾಗಿತ್ತು ಮೇಲಿನವನಿಗೆ. ಮಗುಚಿದ. ತಮಟೆ ಶುರುವಾಗುವ ಮೊದಲೇ ಹುಡುಗ ಕೂಗಿರುತ್ತಾನೆ. ಕುಸ್ತಿ ಒಬ್ಬರಿಗೆ ಹತ್ತುವುದು ಈ ಗಳಿಗೆಯಲ್ಲಿ. ಅದನ್ನು ಯಾವ ಟಿ.ವಿ. ಕ್ಯಾಮೆರಾವೂ ಹಿಡಿದುಕೊಟ್ಟದ್ದನ್ನು ನಾನು ಕಂಡಿಲ್ಲ.

ಊರ ಜಾತ್ರೆಗಳ ಜಂಗಿ ಕುಸ್ತಿಯ ಪರವಾಗಿಯೂ ಹೇಳುವುದಿದೆ. ಮಟ್ಟಿಯ ಅಂಚಿನಲ್ಲೇ ಕೂರಬಹುದು, ಪೈಲ್ವಾನನ ಉಸಿರು ಕೇಳುತ್ತದೆ, ಗೆದ್ದವನು ನಮ್ಮೂರಿನವನಾದರೆ ಹಬ್ಬ ಇಮ್ಮಡಿ. ಆದರೆ ಬಹಳ ಕಡೆ ಜೋಡಿ ಕಟ್ಟುವ ಶಿಸ್ತಿಲ್ಲ. ಪೋಸ್ಟರಿಗೊಂದು ದೊಡ್ಡ ಹೆಸರು ಬೇಕೆಂದು ದೂರದ ಪೈಲ್ವಾನನನ್ನು ಕರೆಸಿ, ಅವನ ಎದುರು ಯಾರೋ ಒಬ್ಬ ಹುಡುಗನನ್ನು ನಿಲ್ಲಿಸುತ್ತಾರೆ. ಒಂದೇ ನಿಮಿಷದಲ್ಲಿ ಮುಗಿಯುವ ಆ ಕುಸ್ತಿಯಿಂದ ಗೆದ್ದವನಿಗೂ ಮಾನವಿಲ್ಲ, ಸೋತವನಿಗೂ ಪಾಠವಿಲ್ಲ. ಅದಕ್ಕಿಂತ ಬೇಸರದ ಸಂಗತಿ ಸನ್ಮಾನದ್ದು. ಇಬ್ಬರು ಪೈಲ್ವಾನರು ಮೈ ಬಿಸಿ ಮಾಡಿಕೊಂಡು ನಿಂತಿರುವಾಗ ಮೈಕಿನಲ್ಲಿ ಗಣ್ಯರ ಹೆಸರು ಓದುತ್ತಾ, ಶಾಲು ಹಾರ ಹಾಕುತ್ತಾ ಕಾಲು ಗಂಟೆ ಕಳೆಯುವುದು ಕುಸ್ತಿಗೆ ಮಾಡುವ ಅನ್ಯಾಯ. ಆ ಮೈಕಿನಲ್ಲಿ ಪೈಲ್ವಾನನ ಹೆಸರು, ಅವನ ಗರಡಿ, ಉಸ್ತಾದರ ಹೆಸರು, ಲಂಗೋಟಿಯ ಬಣ್ಣ ಹೇಳಿದರೆ ಹೊಸಬರಿಗೆ ಬೇಕಾದ ಕಥೆ ಅಲ್ಲೇ ಸಿಗುತ್ತದೆ. ಲಂಗೋಟಿಯ ಬಣ್ಣ ಹೇಳುವುದಕ್ಕೆ ಖರ್ಚೇನೂ ಇಲ್ಲ.

ಹೆಣ್ಣುಮಕ್ಕಳನ್ನು ಕರೆದೊಯ್ಯುವವರು ಮಹಿಳಾ ಕುಸ್ತಿ ಯಾವ ದಿನವೆಂದು ಕೇಳಿಕೊಂಡು ಹೋಗಬೇಕು. ‘ದಸರಾ ಕಿಶೋರಿ’ ಪ್ರಶಸ್ತಿಗೆ ಸೆಣಸುವ ಹುಡುಗಿಯರನ್ನು ನೋಡಿದ ಮಗುವಿಗೆ ಕುಸ್ತಿ ಗಂಡಸರ ಆಟವೆಂದು ಯಾರೂ ಹೇಳಿಕೊಡಲಾರರು. ಇಲ್ಲಿ ಮಾತ್ರ ಮ್ಯಾಟ್ ಬೇಡ ಎನ್ನುವ ನನ್ನ ಮಾತನ್ನು ನಾನೇ ಬದಿಗಿಡುತ್ತೇನೆ.

ಸಾಧ್ಯವಾದರೆ ಕುಸ್ತಿಗೆ ಮುಂಚೆ ಒಂದು ಗರಡಿಯನ್ನೂ ತೋರಿಸಿ. ಭೂತಪ್ಪನವರ ಗರಡಿ, ಫಕೀರ್ ಅಹಮದ್ ಸಾಹೇಬರ ಗರಡಿಯಂಥ ಹಳೆಯ ಮನೆಗಳ ಹೆಸರು ಮೈಸೂರಿನಲ್ಲಿ ಇನ್ನೂ ಬಳಕೆಯಲ್ಲಿದೆ. ಆ ಎರಡು ಹೆಸರುಗಳನ್ನು ಒಟ್ಟಿಗೆ ಕೇಳಿದರೇ ಮಟ್ಟಿಯೊಳಗೆ ಜಾತಿ ಮತಕ್ಕೆ ಎಷ್ಟು ಜಾಗವಿತ್ತೆಂದು ತಿಳಿಯುತ್ತದೆ. ತಲೆ ಬಗ್ಗಿಸಿ ಒಳಗೆ ಹೋಗುವ ಗಿಡ್ಡ ಬಾಗಿಲು, ಗೋಡೆಗೊರಗಿದ ಗದೆ, ಕಲ್ಲಿನ ಗುಂಡು, ಅರಿಸಿನ ಕುಂಕುಮ ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡಿದ ಮಣ್ಣಿನ ವಾಸನೆ. ಆ ಮಣ್ಣನ್ನು ಒಮ್ಮೆ ಕೈಯಲ್ಲಿ ಹಿಡಿದ ಮಗು ಸಂಜೆ ಅಖಾಡದಲ್ಲಿ ಬೇರೆಯೇ ಕಣ್ಣಿನಿಂದ ನೋಡುತ್ತದೆ.

ಈ ಸಲದ ನವರಾತ್ರಿಗೆ ಕೆ.ಆರ್.ಪೇಟೆ, ಪಾಂಡವಪುರದಿಂದ ಮೈಸೂರಿನ ಬಸ್ಸು ಹತ್ತುವವರು ದೀಪಾಲಂಕಾರ ನೋಡುವುದಕ್ಕೆ ಹೇಗೂ ಹೋಗುತ್ತೀರಿ. ಒಂದು ಸಂಜೆ ಮುಂಚೆ ಹೊರಡಿ. ಕಂಠೀರವ ಪ್ರಶಸ್ತಿಯ ದಿನಕ್ಕೆ ಕಾಯಬೇಡಿ, ಮೊದಲ ಮೂರು ದಿನಗಳೊಳಗೆ ಹೋಗಿ. ಮಟ್ಟಿಗೆ ಹತ್ತಿರದ ಮೆಟ್ಟಿಲು ಹಿಡಿಯಿರಿ, ಮಗುವನ್ನು ಕುಸ್ತಿ ಬಲ್ಲ ಹಿರಿಯರ ಪಕ್ಕ ಕೂರಿಸಿ.